ಸಭೆಗೆ ಬಂದ ಕೊಡಗಳು

ಮೂವತ್ತು ವರ್ಷ ಕಳೆ ಕೀಳುವ ಹೆಣ್ಣಾಳುಗಳ ಗುಂಪು ಕಟ್ಟಿ ನಡೆಸಿದಾಕೆ ಶಕುಂತಲಮ್ಮ. ಆಕೆಯ ಬಾಯಿಗೆ ಊರೇ ಅಂಜುತ್ತಿತ್ತು, ಆಕೆಯ ಮಾತನ್ನು ಊರೇ ನಂಬುತ್ತಿತ್ತು. ಈಗ ಮಂಡಿ ಸೋತು, ತುಂಬಿದ ಕೊಡ ಎತ್ತುವುದು ಆಗದು.

ಸೊಸೆ ರಮ್ಯಳಿಗೆ ಶಿರಾಳಕೊಪ್ಪದ ಬಟ್ಟೆ ಅಂಗಡಿಯಲ್ಲಿ ಕೆಲಸ ಸಿಕ್ಕಿತ್ತು. ಮುಂದಿನ ಒಂದನೇ ತಾರೀಖಿಗೆ ಬಾರದಿದ್ದರೆ ಬೇರೆಯವರನ್ನು ಇಟ್ಟುಕೊಳ್ಳುವುದಾಗಿ ಸಾವುಕಾರರು ಹೇಳಿದ್ದರು. ಆದರೆ ಊರಿನ ನಲ್ಲಿಗೆ ಹೊತ್ತುಗೊತ್ತಿರಲಿಲ್ಲ. ಒಂದು ದಿನ ನಸುಕಿಗೆ, ಇನ್ನೊಂದು ದಿನ ಇಳಿಹೊತ್ತಿಗೆ. ಮೋಟರು ಸುಟ್ಟರೆ ವಾರಗಟ್ಟಲೆ ಇಲ್ಲ. ನೀರು ಕಾಯಲು ಮನೆಗೊಬ್ಬರು ಕೂರಲೇಬೇಕು.

"ಕೆಲ್ಸ ಬ್ಯಾಡ ಬಿಡ್ರಿ ಅತ್ತೆ," ಎಂದಳು ರಮ್ಯ.

"ನಲ್ಲಿಗೆ ಕಟ್ಟಿ ಹಾಕಾಕೆ ಸೊಸೆ ತಂದೀನೇನು? ಸುಮ್ನಿರು."

ಪಂಚಾಯಿತಿಯವರು ಸಭೆ ಕರೆದರು. ಮನೆಗೆ ತಿಂಗಳಿಗೆ ನೂರು ರೂಪಾಯಿ ಕೊಟ್ಟರೆ ಇನ್ನೊಂದು ಮೋಟರು ಇಟ್ಟು, ದಿನಾ ಬೆಳಗ್ಗೆ ಆರಕ್ಕೆ ನೀರು ಬಿಡುವ ಯೋಚನೆ. ಸೇರಿದವರೆಲ್ಲ ಗಂಡಸರೇ, ಹೆಂಗಸರು ನಲ್ಲಿ ಬಿಟ್ಟು ಬರುವಂತಿರಲಿಲ್ಲ. "ಬಂದೋರಿಗೆ ಬೆಲ್ಲ ನೀರು ಕೊಡೋ ಊರಿದು. ನೀರಿಗೆ ರೊಕ್ಕ ಅಂದ್ರೆ ಯಾರು ಒಪ್ತಾರೆ?" ಎಂದು ಸದಸ್ಯ ಪರಮಶಿವಪ್ಪ ಕೈ ಕೊಡವಿದ. ಮಾತು ಮುಂದಿನ ಸೋಮವಾರಕ್ಕೆ ಹೋಯಿತು.

ಶಕುಂತಲಮ್ಮ ಕೋಲೂರಿಕೊಂಡು ಮೂರು ದಿನ ಮನೆಮನೆ ತಿರುಗಿದಳು. "ಸಭೆಗೆ ಒಂದು ಖಾಲಿ ಕೊಡ ಕಳ್ಸು. ನೂರು ಕೊಡೋದಾದ್ರೆ ಬಾಯಿ ಮ್ಯಾಲೆ ಇಡ್ತೀನಿ, ಇಲ್ಲಾಂದ್ರೆ ಬೋರಲು."

ಸೋಮವಾರ, ನೀರು ಬಿಡುವ ಮಾಳೇಶ ತಳ್ಳುಗಾಡಿಯಲ್ಲಿ ಕೊಡಗಳನ್ನು ಹೇರಿ ತಂದ. ಶಕುಂತಲಮ್ಮ ಪಂಚಾಯಿತಿ ಕಟ್ಟೆಯ ಮುಂದೆ ಸಾಲಾಗಿ ಇಡಿಸಿದಳು.

"ಏನಕ್ಕಾ, ಕೊಡದ ಅಂಗ್ಡಿ ಇಟ್ಟೀಯಾ?" ಎಂದು ಪರಮಶಿವಪ್ಪ ನಕ್ಕ.

"ಹೋದ ಬ್ಯಾಸಗ್ಯಾಗ ನಲ್ಲಿ ಹತ್ರ ಜಡೆ ಹಿಡ್ಕೊಂಡು ಜಗಳ ಆದಾಗ ನೀವೇ ನ್ಯಾಯ ಹೇಳಿದ್ರಿ ಪರಮಶಿವಣ್ಣ, ಪಾಳಿಯಾಗ ಕೊಡ ಇದ್ರೆ ಆಳು ಇದ್ದಂಗೆ ಅಂತ. ಎಣಿಸ್ರಿ ಆಳ್ನ."

ಎಂಬತ್ತೆರಡು ಕೊಡ. ಒಂಬತ್ತು ಬೋರಲು, ಅವನ್ನು ಆಕೆ ಮರೆಮಾಡದೆ ಮುಂದಿನ ಸಾಲಿನಲ್ಲೇ ಇಟ್ಟಿದ್ದಳು. ನಡುವೆ ಪರಮಶಿವಪ್ಪನ ಮನೆಯ ಹಿತ್ತಾಳೆ ಕೊಡ ಬಾಯಿ ಮೇಲಾಗಿ ಕೂತಿತ್ತು.

"ನಮ್ಮನಿಯಾಕಿ ನಂಗೆ ಹೇಳ್ಲೇ ಇಲ್ಲ!"

"ನೀವು ಕೇಳಿದ್ರಾ?"

ಸಭೆ ಗೊಳ್ಳೆಂದಿತು. ಆಕೆ ಮಾತ್ರ ನಗಲಿಲ್ಲ. "ಬೋರಲು ಇಡ್ಸಿದೋರಿಗೆ ಮನಸ್ಸಿಲ್ಲ ಅಂತಲ್ಲ, ಕೈಲಾಗಲ್ಲ. ಅವ್ರಿಗೆ ಅರ್ಧ ಮಾಡ್ರಿ. ಮತ್ತೆ, ನೀರು ಹೊತ್ತು ತಪ್ಪಿದ ತಿಂಗ್ಳು ಯಾರೂ ರೊಕ್ಕ ಕೊಡಲ್ಲ."

ಪರಮಶಿವಪ್ಪ ತನ್ನ ಮನೆಯ ಕೊಡವನ್ನು ಇನ್ನೊಮ್ಮೆ ನೋಡಿ, "ಆಯ್ತು, ಬರ್ಕೊಳ್ರಪ್ಪ," ಎಂದ.

ಹೊಸ ಮೋಟರು ಕೂತು, ಒಂದನೇ ತಾರೀಖು ಬೆಳಗ್ಗೆ ಆರಕ್ಕೆ ನಲ್ಲಿ ಬುಸ್ಸೆಂದಿತು. ರಮ್ಯ ಹಂಡೆ ತುಂಬಿಸಿ, ತಲೆ ಬಾಚಿ, ಏಳೂವರೆ ಬಸ್ಸು ಹತ್ತಿದಳು. ವಾಲ್ವು ತಿರುಗಿಸಿ ಬಂದ ಮಾಳೇಶನ ಮುಂದೆ ಶಕುಂತಲಮ್ಮ ಬೆಲ್ಲ, ನೀರು ಇಟ್ಟಳು.

"ಇದಕ್ಕೆಷ್ಟು ರೊಕ್ಕ ಅಕ್ಕಾ?"

"ಮೊದ್ಲು ಕುಡಿಯೋ ಮಾರಾಯ," ಎಂದು ಆಕೆ ಬಸ್ಸು ಹೋದ ದಾರಿ ನೋಡುತ್ತ ಕಟ್ಟೆಯ ಮೇಲೆ ಕೂತಳು.