ಯಾನ್ ದೊರೆಯ ಪಟದಲ್ಲಿದ್ದ ಮೂವರು

ತಲೆಯ ಮೇಲೆ ವಿಮಾನ ಹಾರಿತೆಂದರೆ ಉರ್ವ ಮಾರ್ಕೆಟ್ಟಿನ ಮೀನಿನ ಹೆಂಗಸರೂ ಬುಟ್ಟಿ ಬಿಟ್ಟು ಮೇಲೆ ನೋಡುತ್ತಿದ್ದ ಕಾಲ ಅದು. ವಿಮಾನ ಹಾರಿಸಿದವರನ್ನೇ ದಿನಾ ನೋಡುವ ಭಾಗ್ಯ ಮಾತ್ರ ನನ್ನ ಗೆಳತಿ ಜೊಹರಾಳದ್ದು. ನನ್ನ ಆರನೇ ಕ್ಲಾಸಿನ ಬೇಸಿಗೆ ರಜೆ ಪೂರ್ತಿ ಆ ಹೊಟ್ಟೆಕಿಚ್ಚಿನಲ್ಲೇ ಕಳೆಯಿತು.

ಜೊಹರಾಳ ತಂದೆಗೆ ಅಕ್ಕಿ, ಒಣಮೀನಿನ ಅಂಗಡಿ. ಅದರ ಮಾಳಿಗೆಯಲ್ಲಿ ಹಂಚಿನ ಕಾರ್ಖಾನೆಯ ಯಂತ್ರ ನೋಡಿಕೊಳ್ಳುವ ಚೆಕ್ ದೇಶದ ವೃದ್ಧರೊಬ್ಬರು ಬಾಡಿಗೆಗಿದ್ದರು. ಹೆಸರು ಯಾನ್. ತುಳುವಿನಲ್ಲಿ ಹಾಗೆಂದರೆ 'ನಾನು'. "ಯಾರದು?" ಎಂದರೆ "ಯಾನ್" ಎನ್ನುತ್ತಿದ್ದರು; ಬೀದಿಯೆಲ್ಲ ನಗುತ್ತಿತ್ತು. ಬಿಳಿಯರಾದ್ದರಿಂದ ನಮಗೆಲ್ಲ ಅವರು 'ದೊರೆ'. ನಮ್ಮೂರಲ್ಲಿ ಬಹಳ ವರ್ಷ ಇದ್ದು ನಮ್ಮ ಹಾಗೆಯೇ ಕನ್ನಡ ಕಲಿತಿದ್ದರು. ಮೊದಲನೇ ಮಹಾಯುದ್ಧದಲ್ಲಿ, ಅವರ ನಾಡು ಇನ್ನೂ ಆಸ್ಟ್ರಿಯಾದ ಚಕ್ರವರ್ತಿಯ ಕೈಯಲ್ಲಿದ್ದಾಗ, ಅವರು ಯುದ್ಧವಿಮಾನ ಹಾರಿಸಿದ್ದರಂತೆ. ಮರದ ಚೌಕಟ್ಟು, ಬಟ್ಟೆಯ ರೆಕ್ಕೆ, ತಲೆಯ ಮೇಲೆ ಮುಚ್ಚಿಗೆಯೇ ಇಲ್ಲವಂತೆ.

ಈ 'ಅಂತೆ'ಗಳೆಲ್ಲ ಜೊಹರಾಳವು. ಸಂಜೆ ಚಹಾ ಕೊಡಲು ಮಾಳಿಗೆ ಹತ್ತುತ್ತಿದ್ದವಳು ಅವಳು. ಮೀನು ಮಾರುವವಳ ಮಗಳಾದ ನಾನು ಕೆಳಗೆ ಕುಂಟಾಬಿಲ್ಲೆಯ ಗೆರೆ ಎಳೆದು ಕಾಯುತ್ತಿದ್ದೆ.

"ದೊರೆ ಇವತ್ತು ಎಂತ ಹೇಳಿದ್ರು?"

"ನಿನಗೆ ಅರ್ಥ ಆಗ್ಲಿಕ್ಕಿಲ್ಲ ಮಾರಾಯ್ತಿ," ಎಂದು ಬಿಸ್ಕತ್ತು ಕಡಿಯುತ್ತಿದ್ದಳು.

ಒಂದು ಸಂಜೆ ಅವಳು ಹಳೆಯ ಪಟವೊಂದನ್ನು ಹಿಡಿದು ಇಳಿದಳು. ವಿಮಾನದ ಮುಂದೆ ಚರ್ಮದ ಟೊಪ್ಪಿಯ ಮೂವರು ತರುಣರು, ನಡುವಿನವರು ಯಾನ್.

"ಉಳಿದ ಇಬ್ಬರೂ ಯುದ್ಧದಲ್ಲಿ ಸತ್ತದ್ದು. ಇದೊಂದೇ ಪಟ ಉಂಟಂತೆ. ನೀನು ಮುಟ್ಬೇಡ, ಕೈಯಲ್ಲಿ ಮೀನಿನ ವಾಸನೆ."

ತಾಯಿ ಕರೆದಾಗ ಅವಳು ಪಟವನ್ನು ಮೆಟ್ಟಿಲ ಮೇಲಿಟ್ಟು ಒಳಗೆ ಹೋದಳು. ನಾನು ಅದನ್ನು ಲಂಗದೊಳಗೆ ಸಿಕ್ಕಿಸಿಕೊಂಡು ಮನೆಗೆ ಓಡಿ, ಅಪ್ಪನ ಹಳೆಯ ಬಲೆಯ ಅಡಿಯಲ್ಲಿ ಬಚ್ಚಿಟ್ಟೆ.

ಪಟ ಕಳೆದಳೆಂದು ಮರುದಿನ ಜೊಹರಾಳಿಗೆ ತಂದೆಯ ಪೆಟ್ಟು ಬಿತ್ತು. ಇನ್ನು ಮಾಳಿಗೆ ಹತ್ತಕೂಡದೆಂದರು. ಅವಳು ಅತ್ತದ್ದು ಕೇಳಿ ನನಗೆ ಬೆಲ್ಲ ತಿಂದಷ್ಟು ಖುಷಿಯಾಯಿತು. ಆದರೆ ಅಂಗಡಿಯಲ್ಲಿ ಯಾನ್ ದೊರೆ ಮೊಣಕಾಲೂರಿ, ಅಕ್ಕಿಮೂಟೆಗಳ ಸಂದಿಗೆ ಕೈ ಹಾಕಿ ಹುಡುಕುತ್ತಿದ್ದರು. ಅದನ್ನು ನೋಡಲಾಗಲಿಲ್ಲ. ಸಂಜೆ ಪಟ ತೆಗೆದುಕೊಂಡು ಮೊದಲ ಸಲ ಆ ಮಾಳಿಗೆ ಹತ್ತಿದೆ. ಕೋಣೆಯಲ್ಲಿ ಯಂತ್ರದ ಎಣ್ಣೆಯ, ಹೊಗೆಸೊಪ್ಪಿನ ವಾಸನೆ.

"ನಾನು ಕದ್ದದ್ದು," ಎಂದೆ. "ನೀವು ಅವಳಿಗೆ ಮಾತ್ರ ಕಥೆ ಹೇಳ್ತೀರಿ."

ದೊರೆ ಬೈಯಲಿಲ್ಲ. ಪಟವನ್ನು ಅಂಗಿಯ ತುದಿಯಿಂದ ಒರೆಸಿ, ಬಲಗಡೆಯವನ ಮೇಲೆ ಬೆರಳಿಟ್ಟರು.

"ಇವ ನನಗಿಂತ ಒಳ್ಳೆ ಪೈಲಟ್. ಹೊಸ ವಿಮಾನ ಒಂದೇ ಬಂತು, ಇವನಿಗೆ ಕೊಟ್ರು. ನನಗೆ ಹೊಟ್ಟೆ ಉರಿ. ಹೊರಡುವಾಗ ಕೈ ಬೀಸಿದ. ನಾನು ನೋಡದವನ ಹಾಗೆ ನಿಂತೆ."

"ಮತ್ತೆ?"

"ಬೆಟ್ಟದ ಆಚೆ ಹೋದ. ವಾಪಸು ಬರ್ಲಿಲ್ಲ." ಪಟವನ್ನು ಪೆಟ್ಟಿಗೆಯೊಳಗಿಟ್ಟು ಹೇಳಿದರು, "ಇದು ಜೊಹರಾಗೂ ಹೇಳ್ಲಿಲ್ಲ ನಾನು."

ಅಷ್ಟು ದುಃಖದ ಮಾತಿನಲ್ಲಿ ನನ್ನ ಕಿವಿಗೆ ಬಿದ್ದದ್ದು ಆ ಕೊನೆಯ ವಾಕ್ಯ ಮಾತ್ರ.

ಪಟ ಅಕ್ಕಿಮೂಟೆಗಳ ಸಂದಿಯಲ್ಲೇ ಸಿಕ್ಕಿತೆಂದು ದೊರೆ ಜೊಹರಾಳ ತಂದೆಗೆ ಸುಳ್ಳು ಹೇಳಿ ಅವಳನ್ನು ಬಿಡಿಸಿದರು. ಮರುವರ್ಷ ಊರು ಬಿಟ್ಟು ಹೋದರು. ಜೊಹರಾ ಮದುವೆಯಾಗಿ ತೊಕ್ಕೊಟ್ಟಿಗೆ ಹೋದಳು. ಎಷ್ಟೋ ವರ್ಷಗಳ ನಂತರ ಅಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವಳು ಕೈ ಹಿಡಿದು ಕೇಳಿದಳು:

"ನೀನೊಮ್ಮೆ ದೊರೆಯ ಕೋಣೆಗೆ ಹೋಗಿದ್ದಿಯಲ್ಲ, ಎಂತ ಹೇಳಿದ್ರು ನಿನಗೆ?"

"ನೆನಪಿಲ್ಲ," ಎಂದೆ.

ಪಟ ಕದ್ದವಳು ನಾನೇ ಎಂಬುದನ್ನೂ ಹೇಳಲಿಲ್ಲ. ಅವಳಿಗಿಂತ ನನ್ನ ಹತ್ತಿರ ಒಂದು ಕಥೆ ಹೆಚ್ಚಿಗೆ ಇರಲಿ ಎಂಬ ಆಸೆ ಆ ವಯಸ್ಸಿನಲ್ಲೂ ಹೋಗಿರಲಿಲ್ಲ. ಜೊಹರಾ ತೀರಿಕೊಂಡು ಎರಡು ವರ್ಷವಾಯಿತು. ಈಗ ಆ ಕಥೆಯನ್ನು ಯಾರಿಗಿಂತ ಹೆಚ್ಚು ಎಂದು ಇಟ್ಟುಕೊಳ್ಳಲಿ?