ಹರಳೆಣ್ಣೆಯಲ್ಲಿ ತಡವಾಗಿ ಇಳಿದ ಗುಂಡು

"ಚಿಕ್ಕಮ್ಮ, ನಾನು ಕಣ್ಣಾರೆ ನೋಡಿದ್ದೇ ತಪ್ಪಂತೆ!"

ಅಕ್ಕನ ಮಗಳು ಸಿಂಧು ಕಾಲೇಜಿನಿಂದ ನೇರ ನಮ್ಮ ಮನೆಗೆ ಬಂದವಳೇ ಬ್ಯಾಗ್ ಎಸೆದು ಹೀಗಂದಳು. ಚಿಕ್ಕಬಳ್ಳಾಪುರದಲ್ಲಿ ಬಿ.ಎಸ್ಸಿ. ಓದುತ್ತಾಳೆ (ಕಾಲೇಜಿನ ಹೆಸರು ಬೇಡ, ಸುಮ್ಮನೆ ಜಗಳ ಯಾಕೆ?). ಫಿಸಿಕ್ಸ್ ಲ್ಯಾಬಿನಲ್ಲಿ ಒಂದು ಪ್ರಯೋಗ. ಉದ್ದನೆಯ ಗಾಜಿನ ಜಾಡಿಗೆ ಹರಳೆಣ್ಣೆ ತುಂಬಿ, ಪುಟ್ಟ ಸ್ಟೀಲ್ ಗುಂಡು ಬಿಟ್ಟು, ಅದು ತಳ ಸೇರಲು ಎಷ್ಟು ಹೊತ್ತು ಹಿಡಿಯಿತು ಎಂದು ಅಳೆಯಬೇಕು. ಎಣ್ಣೆ ಎಷ್ಟು ಮಂದ ಎಂಬುದು ಅದರಿಂದ ಗೊತ್ತಾಗುತ್ತದೆ.

ಇವಳ ಗುಂಡು ತಡವಾಗಿ ಇಳಿಯಿತು. ಮೇಷ್ಟ್ರು ರೆಕಾರ್ಡಿಗೆ ಸಹಿ ಹಾಕಲಿಲ್ಲ. ಸಹಿ ಇಲ್ಲದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ.

ನನಗೆ ಮೈ ಉರಿಯಿತು. ಮರುದಿನವೇ ಅವಳ ಜೊತೆ ಹೋದೆ.

"ನೋಡಿ ಮೇಡಂ, ಕ್ಲಾಸಲ್ಲಿ ಎಲ್ಲಾರ್ದೂ ಒಂದೇ ಉತ್ತರ. ಇವಳೊಬ್ಬಳದ್ದೇ ಬೇರೆ. ಅಂದ್ಮೇಲೆ ಇವಳದ್ದೇ ತಪ್ಪು ತಾನೇ?" ಅಂದರು ಮೇಷ್ಟ್ರು.

ಎಲ್ಲರದ್ದೂ ಒಂದೇ ಯಾಕೆ ಗೊತ್ತೇ? ಯಾರೂ ಗುಂಡು ಬಿಟ್ಟೇ ಇಲ್ಲ! ಸೀನಿಯರ್‌ಗಳ ರೆಕಾರ್ಡು ಕೈಯಿಂದ ಕೈಗೆ ಬರುತ್ತದೆ, ಇವರು ಕಾಪಿ ಮಾಡುತ್ತಾರೆ (ಆ ಸೀನಿಯರ್‌ಗಳು ಮಾಡಿದ್ದೂ ಅದನ್ನೇ). ಮೊದಲು ಯಾರೋ ಪುಣ್ಯಾತ್ಮ ಬೇಸಿಗೆಯ ಮಧ್ಯಾಹ್ನ ಅಳೆದಿರಬೇಕು. ಸಿಂಧು ಅಳೆದದ್ದು ಡಿಸೆಂಬರ್ ಬೆಳಗ್ಗೆ, ತಮ್ಮೂರು ಮಂಡಿಕಲ್‌ನಿಂದ ಸ್ವೆಟರ್ ಹಾಕಿಕೊಂಡು ಹೋಗಿ.

"ಸಾರ್, ಚಳಿಗೆ ಎಣ್ಣೆ ಮಂದ ಆಗುತ್ತೆ ಅಲ್ವಾ?" ಅಂದಳು ಹುಡುಗಿ. "ಗುಂಡಿಗೆ ತಗಲಿದ ಎಣ್ಣೆಯ ಅಣುಗಳು ಅದಕ್ಕೇ ಅಂಟ್ಕೊಂಡು ಜೊತೇಲೇ ಇಳೀತವೆ. ಅವು ಪಕ್ಕದವನ್ನ ಎಳೀತವೆ, ಅವು ಇನ್ನೊಂದು ಪಕ್ಕದವನ್ನ. ಗುಂಡಿಗೆ ತಡೆ ಬರೋದೇ ಅಲ್ಲಿಂದ. ಚಳೀಲಿ ಅಣುಗಳು ಒಂದನ್ನೊಂದು ಬೇಗ ಬಿಡಲ್ಲ ಸಾರ್."

ಎಂಥ ಚೆಂದದ ಮಾತು! ನಾನು ಹೆಮ್ಮೆಯಿಂದ ಮೇಷ್ಟ್ರ ಮುಖ ನೋಡಿದೆ.

"ಅಣುಗಿಣು ಎಲ್ಲಾ ಸಿಲಬಸ್ಸಲ್ಲಿಲ್ಲಮ್ಮ. ಶುಕ್ರವಾರದೊಳಗೆ ಸರಿ ಮಾಡ್ಕೊಂಡು ಬಾ."

ಜಾಡಿ ಮೇಜಿನ ಮೇಲೇ ಇತ್ತು, ಗುಂಡೂ ಇತ್ತು. ಒಂದು ಸಲ ಬಿಟ್ಟು ನೋಡೋಣ ಸಾರ್ ಎಂದೆ. ಟೈಮಿಲ್ಲವಂತೆ! ಒಂದು ನಿಮಿಷದ ಕೆಲಸಕ್ಕೆ ಟೈಮಿಲ್ಲ, ಮೊಬೈಲ್ ಉಜ್ಜುತ್ತಾ ಕೂರಲು ಮಾತ್ರ ಬೇಕಾದಷ್ಟಿತ್ತು.

ಪ್ರಿನ್ಸಿಪಾಲರ ಹತ್ತಿರ ಹೋಗೋಣ ನಡಿ ಎಂದೆ. ಸಿಂಧು ನನ್ನ ಕೈ ಹಿಡಿದೆಳೆದಳು.

"ಬೇಡ ಚಿಕ್ಕಮ್ಮ. ಇನ್ನೂ ಎರಡು ವರ್ಷ ನಾನಿಲ್ಲೇ ಓದ್ಬೇಕು."

ಶುಕ್ರವಾರ ಅವಳು ತಾನು ಅಳೆದು ಬರೆದ ಹಾಳೆ ಹರಿದುಹಾಕಿ, ಗೆಳತಿಯ ರೆಕಾರ್ಡ್ ನೋಡಿ ಕಾಪಿ ಮಾಡಿ ಕೊಟ್ಟಳು. ಸಹಿ ಬಿತ್ತು. ಪಕ್ಕದಲ್ಲಿ ಕೆಂಪು ಇಂಕಿನಲ್ಲಿ 'ವೆರಿ ಗುಡ್' ಬೇರೆ!

ಹೇಳಿ ಸ್ವಾಮಿ, ಆ 'ವೆರಿ ಗುಡ್' ಯಾವ ಪ್ರಯೋಗಕ್ಕೆ?