ಮಾತಿಲ್ಲದ ತುತ್ತು

ಹೋದ ವರ್ಷ ಜೂನ್ ಎರಡನೇ ಮಂಗಳವಾರ ನಮ್ಮೂರ ಅಂಗನವಾಡಿಯಲ್ಲಿ ನನ್ನ ಮಗಳನ್ನು ತೂಕಕ್ಕೆ ಹಾಕಿದರು. ಅವಳಿಗೆ ಎರಡು ವರ್ಷ ನಾಲ್ಕು ತಿಂಗಳು. ತಕ್ಕಡಿಯ ಮುಳ್ಳು ಮೂರು ತಿಂಗಳ ಹಿಂದೆ ನಿಂತಿದ್ದಲ್ಲೇ ನಿಂತಿತು. ಮಗು ಮಾತಾಡುತ್ತಾ ಎಂದು ಟೀಚರು ತಮಿಳಿನಲ್ಲಿ ಕೇಳಿದರು. ಇಲ್ಲ ಎಂದೆ. ಕೃಷ್ಣಗಿರಿಯ ಡಾಕ್ಟರಿಗೆ ಚೀಟಿ ಬರೆದುಕೊಟ್ಟರು.

ನಮ್ಮೂರು ತಮಿಳುನಾಡಿನ ಗಡಿಯೊಳಗೆ, ಉದ್ದನಪಲ್ಲಿಯ ಪಕ್ಕ; ಮನೆಮಾತು ಕನ್ನಡ. ನಾನೂ ಗಂಡನೂ ಬೆಳಿಗ್ಗೆ ಆರಕ್ಕೇ ಹೊಸೂರಿನ ಕಂಪನಿ ಬಸ್ಸು ಹತ್ತುತ್ತೇವೆ. ವಾಪಸು ಬರುವಷ್ಟರಲ್ಲಿ ಮಗು ಮಲಗಿರುತ್ತದೆ. ನೋಡಿಕೊಳ್ಳುವುದು ನನ್ನ ಅಮ್ಮ. ಅಮ್ಮನಿಗೆ ತಮಿಳು ಬರುವುದು ಕೆಲಮಂಗಲದ ಸಂತೆಯಲ್ಲಿ ವ್ಯಾಪಾರಕ್ಕಾಗುವಷ್ಟೇ.

ಮಗುವಿಗೆ ಒಂಬತ್ತು ತಿಂಗಳಾದಾಗ ನಾನೇ ಹೇಳಿದ್ದೆ: "ಅಮ್ಮ, ಮಗು ಹತ್ರ ಕನ್ನಡ ಮಾತಾಡ್ಬೇಡ. ನಾಳೆ ಇಸ್ಕೂಲಲ್ಲಿ ತಮಿಳು, ಇಂಗ್ಲಿಷು. ಎಲ್ಲಾ ಕಲಸ್ಬುಟ್ರೆ ಅದಕ್ಕೆ ಯಾವ್ದೂ ಬರಾಕಿಲ್ಲ."

"ಹಂಗಾರೆ ಎಮ್ಮೆ ತಾವ ಮಾತಾಡ್ಕೊತೀನಿ ಬುಡು," ಅಮ್ಮ ನಕ್ಕಳು. "ಅದೇನು ಇಸ್ಕೂಲಿಗೋಗ್ಬೇಕಾ?"

ನಕ್ಕರೂ ಮಾತು ತಪ್ಪಲಿಲ್ಲ. ಹಗಲೆಲ್ಲ ಮಗುವಿನ ಎದುರು ಸುಮ್ಮನಿರುತ್ತಿದ್ದಳು. ಉಣ್ಣಿಸುವಾಗ, ನಾನು ಕೊಟ್ಟಿದ್ದ ಹಳೆಯ ಫೋನಿನಲ್ಲಿ ಇಂಗ್ಲಿಷ್ ಹಾಡು ಹಾಕಿ ಗೋಡೆಗೆ ಒರಗಿಸುತ್ತಿದ್ದಳು. ಮಗು ಅದನ್ನೇ ನೋಡುತ್ತಾ ಬಾಯಿ ತೆರೆಯುತ್ತಿತ್ತು. ಅಗಿಯುತ್ತಿರಲಿಲ್ಲ, ಅನ್ನ ದವಡೆಯಲ್ಲೇ ಉಳಿಯುತ್ತಿತ್ತು. ಪುಸಲಾಯಿಸಲು ಅಮ್ಮನಿಗೆ ಮಾತಿರಲಿಲ್ಲ. ರಾಗಿ ಗಂಜಿಯನ್ನು ನೀರುನೀರಾಗಿ ಕಾಯಿಸತೊಡಗಿದಳು. ಅದು ತಾನೇ ಇಳಿಯುತ್ತಿತ್ತು.

ಕೃಷ್ಣಗಿರಿಯಲ್ಲಿ ಡಾಕ್ಟರು ಮೊದಲು ಕಿವಿ ಪರೀಕ್ಷೆ ಮಾಡಿಸಿದರು. ಚೆನ್ನಾಗಿ ಕೇಳಿಸುತ್ತಿತ್ತು. ಹಗಲು ಮಗುವಿನ ಜೊತೆ ಏನೇನು ಮಾತಾಡುತ್ತೀರಿ ಎಂದು ತಮಗೆ ಬರುವ ಕನ್ನಡದಲ್ಲಿ ಅಮ್ಮನನ್ನು ಕೇಳಿದರು. ಅಮ್ಮ ನನ್ನ ಮುಖ ನೋಡಿದಳು. ಹೇಳು ಎಂದು ನಾನು ತಲೆಯಾಡಿಸಿದ ಮೇಲೆ ಹೇಳಿದಳು: "ನಾನು ಮಾತಾಡಂಗಿಲ್ಲ ಸಾಮಿ."

ಡಾಕ್ಟರು ಬೈಯಲಿಲ್ಲ. ಅಜ್ಜಿಗೆ ಬರುವ ಭಾಷೆಯಲ್ಲೇ ಮಾತಾಡಲಿ, ಫೋನು ಎತ್ತಿಡಿ, ಗಂಜಿ ಗಟ್ಟಿಯಾಗಲಿ, ಮಗು ತಾನೇ ಕೈಹಾಕಿ ತಿನ್ನಲಿ ಎಂದರು. ತಡವಾಗಿದೆ, ಮಾತು ಎಷ್ಟು ಬರುತ್ತದೋ ನೋಡೋಣ ಎಂದೂ ಅಂದರು.

ಮಾರನೇ ದಿನ ರಜೆ ಹಾಕಿದೆ. ಅಮ್ಮ ತಟ್ಟೆ ಹಿಡಿದು ಮಗುವಿನ ಎದುರು ಕೂತಳು.

"ಮಾತಾಡಮ್ಮ," ಎಂದೆ.

"ಏನಂತ ಮಾತಾಡ್ಲಿ? ನಿಂಗೆ ಉಣ್ಸೋವಾಗ ಬಾಯ್ತುಂಬ ಬತ್ತಿತ್ತು. ಈಗ ಒಂದೂ ಬತ್ತಿಲ್ಲ ಕಣೆ."

ಮಗು ಫೋನಿಗಾಗಿ ಗೋಡೆಯ ಕಡೆ ತಿರುಗಿ ಅತ್ತಿತು. ಅವತ್ತು ಏನೂ ತಿನ್ನಲಿಲ್ಲ. ನಾಲ್ಕನೇ ದಿನ ಅಮ್ಮನ ಬಾಯಿಂದ ಮೊದಲ ಮಾತು ಹೊರಟಿತು: "ಬಾ ನನ್ ಕಂದ, ಆ ಅನ್ನು."

ಈಗ ಮಗಳಿಗೆ ಮೂರೂವರೆ ವರ್ಷ. ತೂಕ ನಿಧಾನವಾಗಿ ಏರುತ್ತಿದೆ. ಆರು ಮಾತು ಬರುತ್ತವೆ, ಆರೂ ಕನ್ನಡದವು. ಅವುಗಳಲ್ಲಿ ಒಂದು ಅಜ್ಜಿ. ನನ್ನನ್ನು ಇನ್ನೂ ಏನಂತಲೂ ಕರೆದಿಲ್ಲ.